ರಗ್ಬಿ ಅಂಗಳದಿಂದ ರಣಾಂಗಣಕ್ಕೆ: ಪಾದ್ರಿ ರೂಪರ್ಟ್ ಇಂಗ್ಲಿಸ್

ರೆವರೆಂಡ್ ರೂಪರ್ಟ್ ಎಡ್ವರ್ಡ್ ಇಂಗ್ಲಿಸ್ (1863–1916) ಇಂಗ್ಲೆಂಡ್ ಪರ ಮೂರು ಅಂತರರಾಷ್ಟ್ರೀಯ ರಗ್ಬಿ ಪಂದ್ಯಗಳನ್ನು ಆಡಿ, ಬಳಿಕ ಆಂಗ್ಲಿಕನ್ ಚರ್ಚ್‌ನ ಪಾದ್ರಿಯಾದವರು. ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳನ್ನು ಹೊತ್ತು ತರಲು ನೆರವಾಗುತ್ತಿದ್ದಾಗ ಅವರು ಮೃತಪಟ್ಟರು.

ಲಖನೌ ನಂಟು

ರೂಪರ್ಟ್ ಅವರ ಕುಟುಂಬಕ್ಕೆ ಭಾರತದೊಂದಿಗೆ ಸಂಬಂಧವಿತ್ತು. 1857ರ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಭಾರತೀಯ ಸಿಪಾಯಿಗಳು ಲಖನೌ ರೆಸಿಡೆನ್ಸಿಗೆ ಮುತ್ತಿಗೆ ಹಾಕಿದ್ದರು. ಹೆನ್ರಿ ಲಾರೆನ್ಸ್ ಮಡಿದ ಬಳಿಕ ಅಲ್ಲಿನ ಬ್ರಿಟಿಷ್ ಪಡೆಯ ನಾಯಕತ್ವ ವಹಿಸಿದವರು ರೂಪರ್ಟ್ ಅವರ ತಂದೆ ಜಾನ್ ಇಂಗ್ಲಿಸ್. ತಾಯಿ ಜೂಲಿಯಾ ಕೂಡ ಮಕ್ಕಳೊಂದಿಗೆ ಆ ಮುತ್ತಿಗೆಯೊಳಗೆ ಸಿಲುಕಿದ್ದರು. ಆಗಿನ ಅವರ ದಿನಚರಿ 1892ರಲ್ಲಿ ಪ್ರಕಟವಾಯಿತು. ಜಾನ್ 1862ರ ಸೆಪ್ಟೆಂಬರ್‌ನಲ್ಲಿ ನಿಧನರಾದರು. ರೂಪರ್ಟ್ ಜನಿಸಿದ್ದು ಮರುವರ್ಷ ಮೇ ತಿಂಗಳಲ್ಲಿ. ಹೀಗಾಗಿ ತಂದೆಯ ಮುಖವನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಆಟ ಮತ್ತು ಧರ್ಮಸೇವೆ

ರಗ್ಬಿ ಕ್ರೀಡೆಗೆ ಹೆಸರು ನೀಡಿದ ರಗ್ಬಿ ಶಾಲೆಯಲ್ಲಿ ಹಾಗೂ ಆಕ್ಸ್‌ಫರ್ಡ್‌ನಲ್ಲಿ ಅವರ ವ್ಯಾಸಂಗ ನಡೆಯಿತು. ಬ್ಲಾಕ್‌ಹೀತ್ ಕ್ಲಬ್‌ನ ಫಾರ್ವರ್ಡ್ ಆಟಗಾರರಾಗಿದ್ದ ಅವರು 1886ರಲ್ಲಿ ವೇಲ್ಸ್, ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ವಿರುದ್ಧ ಕಣಕ್ಕಿಳಿದರು. ಮೊದಲೆರಡರಲ್ಲಿ ಇಂಗ್ಲೆಂಡ್ ಜಯಗಳಿಸಿದರೆ, ಮೂರನೆಯದು ಡ್ರಾ ಆಯಿತು. 1889ರಲ್ಲಿ ಪಾದ್ರಿದೀಕ್ಷೆ ಪಡೆದ ಅವರು 1900ರಲ್ಲಿ ಕೆಂಟ್ ಪ್ರಾಂತ್ಯದ ಫ್ರಿಟೆಂಡನ್ ಗ್ರಾಮದ ಚರ್ಚ್‌ನ ಮುಖ್ಯ ಪಾದ್ರಿಯಾದರು. ಅದೇ ವರ್ಷ ಹೆಲೆನ್ ಗಿಲ್‌ಕ್ರಿಸ್ಟ್ ಅವರನ್ನು ವರಿಸಿದರು. ದಂಪತಿಗೆ ಮೂವರು ಮಕ್ಕಳು.

ಯುದ್ಧಭೂಮಿಯಲ್ಲಿ

1915ರಲ್ಲಿ ಅವರಿಗೆ 52 ವರ್ಷ. ಆ ವಯಸ್ಸಿನವರನ್ನು ಯುದ್ಧಕ್ಕೆ ಕರೆಯುವವರಿರಲಿಲ್ಲ. ಆದರೂ ತಮ್ಮೂರಿನ ಯುವಕರು ರಣರಂಗದಲ್ಲಿರುವಾಗ ತಾವು ಮನೆಯಲ್ಲಿ ಉಳಿಯಲು ಒಪ್ಪದೆ ಸೇನಾ ಪಾದ್ರಿಯಾಗಿ ಫ್ರಾನ್ಸ್‌ಗೆ ತೆರಳಿದರು. ಸೇನಾ ಪಾದ್ರಿ ಶಸ್ತ್ರ ಹಿಡಿಯುವುದಿಲ್ಲ. ಪ್ರಾರ್ಥನೆ ನಡೆಸುವುದು, ಗಾಯಾಳುಗಳಿಗೆ ಸಾಂತ್ವನ ಹೇಳುವುದು, ಮೃತರ ಅಂತ್ಯಕ್ರಿಯೆ ನೆರವೇರಿಸುವುದು ಆತನ ಹೊಣೆ. ಇಂಗ್ಲಿಸ್ ಮೊದಲು ಎಟಾಪ್ಲ್‌ನ ಸೇನಾ ಆಸ್ಪತ್ರೆಯಲ್ಲಿ, ನಂತರ ಮುಂಚೂಣಿಯ ಪಡೆಗಳೊಂದಿಗೆ ಸೇವೆ ಸಲ್ಲಿಸಿದರು.

1916ರ ಸೆಪ್ಟೆಂಬರ್ 18ರಂದು, ಸೋಮ್ ಕದನದ ವೇಳೆ, ಗಿಂಚಿ ಗ್ರಾಮದ ಬಳಿ ಸ್ಟ್ರೆಚರ್ ಹೊರುವವರೊಂದಿಗೆ ಗಾಯಾಳುಗಳನ್ನು ಕರೆತರಲು ಹೊರಟಿದ್ದಾಗ ಷೆಲ್ ಚೂರು ತಗುಲಿತು. ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಾಗಲೇ ಮತ್ತೊಂದು ಷೆಲ್ ಅವರನ್ನು ಬಲಿ ತೆಗೆದುಕೊಂಡಿತು.

ಎಷ್ಟೋ ಸೈನಿಕರ ಅಂತ್ಯಕ್ರಿಯೆಗೆ ನಿಂತಿದ್ದ ಪಾದ್ರಿಯ ಸಮಾಧಿ ಎಲ್ಲಿದೆಯೆಂಬುದು ಇಂದಿಗೂ ತಿಳಿದಿಲ್ಲ. ಗುರುತು ಸಿಕ್ಕ ಸಮಾಧಿಯಿಲ್ಲದ 72 ಸಾವಿರಕ್ಕೂ ಅಧಿಕ ಯೋಧರ ಹೆಸರುಗಳಿರುವ ತಿಯೆಪ್ವಾಲ್ ಸ್ಮಾರಕದಲ್ಲಿ ಅವರ ಹೆಸರನ್ನೂ ಕೆತ್ತಲಾಗಿದೆ.