ಮಳೆಗೆ ಮುಂಚಿನ ಕೌದಿ

ಉತ್ತರ ಕರ್ನಾಟಕದ ಎರೆಭೂಮಿಯ ಹಳ್ಳಿಗಳಲ್ಲಿ ಯುಗಾದಿ ಕಳೆದಮೇಲೆ ಒಂದು ವಿಚಿತ್ರವಾದ ಬಿಡುವು ಬರುತ್ತದೆ. ಹಿಂಗಾರಿ ಸುಗ್ಗಿ ಮುಗಿದು ಕಾಳು ಮನೆ ಸೇರಿರುತ್ತದೆ. ಹೊಲ ಬಿರುಕುಬಿಟ್ಟು ಆಕಾಶವನ್ನು ನೋಡುತ್ತಿರುತ್ತದೆ. ಮೇ ತಿಂಗಳ ಕೊನೆಗೆ ರೋಹಿಣಿ, ಜೂನ್ ಎರಡನೆಯ ವಾರದಲ್ಲಿ ಮೃಗಶಿರ, ಆಮೇಲೆ ಆರಿದ್ರೆ—ಹೀಗೆ ನಕ್ಷತ್ರಗಳನ್ನು ಎಣಿಸುತ್ತ ಗಂಡಸರು ಕೂರಿಗೆ ಕುಂಟೆಗಳನ್ನು ರಿಪೇರಿ ಮಾಡಿಸುತ್ತಾರೆ. ಕಾರಹುಣ್ಣಿಮೆಯ ಹೊತ್ತಿಗೆ ಎಲ್ಲವೂ ಸಿದ್ಧವಾಗಿರಬೇಕು. ಈ ಕಾಯುವಿಕೆಯ ಇನ್ನೊಂದು ಅರ್ಧ ಪಡಸಾಲೆಯಲ್ಲಿ ನಡೆಯುತ್ತದೆ. ಅಲ್ಲಿ ಹೆಂಗಸರು ಕೌದಿ ಹೊಲಿಯುತ್ತಾರೆ. ಹೊಲಿಯುತ್ತಿದ್ದರು ಎಂದು ಬರೆದರೂ ಈಗ ಅನೇಕ ಮನೆಗಳ ಮಟ್ಟಿಗೆ ಸುಳ್ಳಾಗಲಾರದು.

ಬೇಸಗೆಯನ್ನೇ ಈ ಕೆಲಸಕ್ಕೆ ಆರಿಸಿಕೊಂಡದ್ದು ಬರಿಯ ಬಿಡುವಿನಿಂದಲ್ಲ. ವರ್ಷದ ಹಳೆಯ ಸೀರೆ, ಧೋತರ, ಅಂಗಿಗಳನ್ನೆಲ್ಲ ಒಗೆದು ಒಣಗಿಸುವುದಕ್ಕೆ ಆ ಬಿಸಿಲೇ ಬೇಕು. ನೆಲ ಒಣಗಿರಬೇಕು, ಏಕೆಂದರೆ ಕೌದಿಗೆ ಮಗ್ಗವಿಲ್ಲ, ಚೌಕಟ್ಟಿಲ್ಲ. ನೆಲವೇ ಅದರ ಕಾರ್ಖಾನೆ. ಕೆಳಗೆ ಒಂದು ಹಳೆಯ ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಹರಿದ ಧೋತರಗಳ ಪದರುಗಳನ್ನು ಹರವಿ, ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳನ್ನು ಅಂಚು ಮಡಚಿ ಕೂಡಿಸುತ್ತಾರೆ. ಮೊದಲು ಪದರು ಜರುಗದಂತೆ ದೂರ ದೂರ ಎಳೆ ಹಾಕಿ, ಆಮೇಲೆ ದಪ್ಪ ಸೂಜಿ ಹಿಡಿದು ಒಂದೇ ಸಮನೆ ಸಾಲುಹೊಲಿಗೆ. ಗುಳೇದಗುಡ್ಡದ ಖಣದ ಚೂರು, ಇಳಕಲ್ಲ ಸೀರೆಯ ಸೆರಗು, ಅಜ್ಜನ ರುಮಾಲಿನ ತುದಿ ಇವೆಲ್ಲ ಜಾತಿ ಅಂತಸ್ತು ನೋಡದೆ ಅಲ್ಲಿ ನೆರೆಹೊರೆಯಾಗುತ್ತವೆ.

ನಮ್ಮ ಅಜ್ಜಿಯ ಕ್ರಮವೊಂದಿತ್ತು: ಮೊದಲು ಕೂಸಿನ ಕೌದಿ, ಆಮೇಲೆ ದೊಡ್ಡದು. ಮನೆಯಲ್ಲಿ ಬಸುರಿಯಿದ್ದರೂ ಸರಿ, ಇಲ್ಲದಿದ್ದರೂ ಸರಿ. ತೊಟ್ಟಿಲಿಗೆ ಹಾಸುವ ಗೇಣು ಮೊಳದ ಕೌದಿ ನಾಲ್ಕಾರು ದಿನಕ್ಕೆ ಮುಗಿಯುತ್ತದೆ. ದೊಡ್ಡದಕ್ಕೆ ಕೈಹಚ್ಚಿ ಅರ್ಧಕ್ಕೆ ಬರುವಷ್ಟರಲ್ಲಿ ಮಳೆ ಬಿದ್ದರೆ ಅದು ಮುಂದಿನ ಬೇಸಗೆಯವರೆಗೆ ಗಂಟಿನಲ್ಲಿ ಕೂರಬೇಕು. ಹದ ಬಂದ ದಿನ ಹೊಲಕ್ಕೆ ಹೋಗದೆ ಸೂಜಿ ಹಿಡಿದು ಕೂಡುವ ಒಕ್ಕಲಗಿತ್ತಿ ಎಲ್ಲಿದ್ದಾಳು? ‘ಹದ’ ಎಂಬ ಈ ಮಾತನ್ನು ಅಜ್ಜಿ ಬಟ್ಟೆಗೂ ಆಡುತ್ತಿದ್ದಳು. ಹೊಸ ಅರಿವೆ ಕೂಸಿನ ಮೈಗೆ ಒರಟು. ಹತ್ತು ವರ್ಷ ಉಟ್ಟು ಒಗೆದು ಸವೆದದ್ದೇ ಹದಕ್ಕೆ ಬಂದ ಬಟ್ಟೆ.

‘ಮೋಡ ಕವಿಯಿತು’ ಎನ್ನುವ ಕವಿಗೂ ಕೌದಿಗೂ ನಂಟು ಹಚ್ಚುವ ಆಸೆ ನನಗೆ ಆಗಾಗ ಆಗುತ್ತದೆ. ಇದು ವ್ಯುತ್ಪತ್ತಿಯಲ್ಲ, ಕನ್ನಡ ಪಾಠ ಹೇಳುವವನ ಚಪಲ. ಆದರೆ ತೇಪೆಗೂ ಹೊಲಕ್ಕೂ ಇರುವ ನಂಟು ಮಾತ್ರ ಚಪಲವಲ್ಲ. ಅದಕ್ಕೆ ಬಹು ಹಳೆಯ ಸಾಕ್ಷಿಯಿದೆ. ಪಾಲಿಯ ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗ ಬರುತ್ತದೆ. ಬುದ್ಧನು ಮಗಧದ ಗದ್ದೆಗಳ ಸಾಲು, ಬದು, ಬದುಗಳು ಕೂಡುವ ಮೂಲೆಗಳನ್ನು ನೋಡಿ, ಭಿಕ್ಷುಗಳ ಚೀವರವನ್ನು ಹಾಗೆಯೇ ತುಂಡು ಕೂಡಿಸಿ ಹೊಲಿಯಬಹುದೇ ಎಂದು ಆನಂದನನ್ನು ಕೇಳುತ್ತಾನೆ. ಆನಂದ ಹೊಲಿದು ತೋರಿಸುತ್ತಾನೆ. ಬೌದ್ಧ ಸನ್ಯಾಸಿಗಳ ಚೀವರ ಇಂದಿಗೂ ತುಂಡುಗಳಿಂದ ಆದದ್ದೇ. ಅವರ ಹೊಲಿಗೆಯ ಕಾಲ ಮಳೆಗಾಲದ ವರ್ಷಾವಾಸ ಮುಗಿದಮೇಲೆ. ಆಗಿನ ‘ಕಠಿನ’ ವಿಧಿಗೆ ಆ ಹೆಸರು ಬಂದದ್ದು ಬಟ್ಟೆಯನ್ನು ಹರಡಿ ಹೊಲಿಯುವ ಚೌಕಟ್ಟಿನಿಂದ. ನಮ್ಮ ಹೆಂಗಸರದು ಮಳೆಗೆ ಮುಂಚೆ. ಸನ್ಯಾಸಿಗೆ ಬಿತ್ತನೆಯ ಚಿಂತೆಯಿಲ್ಲವಲ್ಲ! ಸಂಸ್ಕೃತದಲ್ಲಿ ಇಂಥ ತೇಪೆಬಟ್ಟೆಗೆ ಕಂಥೆಯೆಂದು ಹೆಸರು. ನಾಥಯೋಗಿಗಳು ಅದನ್ನು ಹೊದ್ದರು. ಭರ್ತೃಹರಿಯ ನೀತಿಶತಕದಲ್ಲಿ ಅದರ ಮಾತು ಬರುತ್ತದೆ. ಬಂಗಾಳದಲ್ಲಿ ಅದೇ ಕಾಂಥಾ ಆಗಿ ಕೀರ್ತಿ ಗಳಿಸಿತು. ವಿರಕ್ತನ ಹೆಗಲ ಮೇಲಿದ್ದುದರಿಂದ ಕಂಥೆಗೆ ಗ್ರಂಥಗಳಲ್ಲಿ ಸ್ಥಾನ ಸಿಕ್ಕಿತು. ತೊಟ್ಟಿಲಲ್ಲಿದ್ದ ಕೌದಿಯನ್ನು ಪಂಡಿತರು ಅಷ್ಟಾಗಿ ವಿಚಾರಿಸಲಿಲ್ಲ.

ಕೌದಿಯ ಮೈಯ ಬಣ್ಣಗಳಿಗೂ ಒಂದು ಚರಿತ್ರೆಯಿದೆ. ಮುಂಬಯಿಯಲ್ಲಿ ಬಟ್ಟೆ ಗಿರಣಿಗಳು ಹುಟ್ಟಿದ್ದು 1850ರ ದಶಕದಲ್ಲಿ. ಗೋಕಾಕ ಜಲಪಾತದ ಬಳಿ ನೂಲಿನ ಗಿರಣಿ ಬಂದದ್ದು 1880ರ ದಶಕದಲ್ಲಿ. ಅಚ್ಚಿನ ಬಟ್ಟೆ ಅಗ್ಗವಾಗಿ ಸಂತೆಗೆ ಬಂದಂತೆ ಹೂವು ಬಳ್ಳಿಯ ಚೂರುಗಳು ಕೌದಿಗೆ ಸೇರಿದವು. ಮುಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಸರಕಾರ ಬಟ್ಟೆಯ ಮೇಲೆ ನಿಯಂತ್ರಣ ಹೇರಬೇಕಾಯಿತು. ಬಟ್ಟೆಯೇ ಸಿಗದಾಗ ಚೂರು ಎಲ್ಲಿಂದ ಬಂದೀತು? ನಮ್ಮ ಮನೆಯ ಒಂದು ಹಳೆಯ ಕೌದಿಯ ಹೊಲಿಗೆ ಬಿಚ್ಚಿದಾಗ ಒಳಗೆ ಸಿಕ್ಕಿದ್ದು ಇನ್ನೊಂದು ಕೌದಿ; ಅದರೊಳಗೆ ತೇಪೆಯ ಮೇಲೆ ತೇಪೆ ಬಿದ್ದ ಒಂದು ಧೋತರ. ತಾಮ್ರಶಾಸನವನ್ನು ನೆಲದಲ್ಲಿ ಹೂತರೂ ಉಳಿಯುತ್ತದೆ. ಕೌದಿ ಸವೆದರೆ ಮುಂದಿನ ಕೌದಿಯ ಹೊಟ್ಟೆಗೆ ಹೋಗುತ್ತದೆ. ನೂರು ವರ್ಷದ ಕೌದಿಯನ್ನು ಹುಡುಕಿ ಹೊರಟವನು ಬರಿಗೈಯಲ್ಲಿ ಬರುವುದು ಇದಕ್ಕೇ.

ಮಳೆಗೆ ಕಾಯುವುದನ್ನು ಇಷ್ಟು ಹಿತವಾಗಿ ಬರೆದೆನೆಂದು ಓದುಗರು ಅದನ್ನು ವಿಶ್ರಾಂತಿಯೆಂದು ತಿಳಿಯಬಾರದು. ಮಳೆ ಬಾರದ ವರ್ಷಗಳೂ ಇದ್ದವು. 1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರವನ್ನು ಹಳಬರು ಮರೆಯಲಿಲ್ಲ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಧಾರವಾಡ, ಕಲಾದಗಿ, ಬಳ್ಳಾರಿ ಸೀಮೆಗಳಿಗೂ ಆ ಬರ ಬಡಿಯಿತು. ಧಾನ್ಯದ ಧಾರಣೆ, ಗಂಜಿಕೇಂದ್ರ, ಪರಿಹಾರದ ಕೂಲಿ ಇವುಗಳ ಲೆಕ್ಕ ಕಡತದಲ್ಲಿದೆ. ಊರು ಬಿಟ್ಟು ಗುಳೆ ಹೋದವರು ತಲೆಯ ಮೇಲೆ ಏನು ಹೊತ್ತರೆಂಬುದನ್ನು ಬರೆದಿಡುವುದು ಯಾವ ಕಚೇರಿಯ ಕೆಲಸ? ಇಂದಿಗೂ ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಬಂದಿಳಿಯುವವರ ಗಂಟುಗಳನ್ನು ನೋಡಿ. ಪಾತ್ರೆಗಳ ಸದ್ದಾಗದಂತೆ ಸುತ್ತಿರುವುದು ಎಷ್ಟೋ ಸಲ ಒಂದು ಕೌದಿಯೇ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳಗಳ ಕಾಡಂಚಿನ ಸಿದ್ದಿಯರು ಇದನ್ನೇ ಕವಂದಿ ಎನ್ನುತ್ತಾರೆ. ಆಫ್ರಿಕದಿಂದ ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ಕಾಡಿಗೆ ತಪ್ಪಿಸಿಕೊಂಡು ಬಂದವರೂ ಇವರ ಪೂರ್ವಿಕರಲ್ಲಿದ್ದಾರೆ. ಅವರ ಹೊಲಿಗೆಯ ಬಗೆ ಬೇರೆ. ಒಂದು ಮೂಲೆಯಿಂದ ಹೊರಟು ಅಂಚಿನಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ಒಂದೊಂದು ಹೂವು ಬೇಕು. ಅದಿಲ್ಲದ ಕವಂದಿ ಬತ್ತಲೆಯೆಂದು ಅವರ ಎಣಿಕೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರು ಇದನ್ನು ಅಭ್ಯಾಸಮಾಡಿದರು; 2011ರಲ್ಲಿ ನ್ಯೂಯಾರ್ಕಿನಲ್ಲಿ ಇವುಗಳ ಪ್ರದರ್ಶನವೂ ಆಯಿತು. ನಮ್ಮ ಸಂತೆಯಲ್ಲಿ ಚೌಕಾಶಿಗೆ ಒಳಗಾಗುವ ವಸ್ತು ಅಲ್ಲಿ ಗೋಡೆಯೇರಿತು. ಸಂತೋಷವೇ. ಆದರೆ ನಮ್ಮ ಕಣ್ಣಿಗೆ ಬೀಳಲು ಅಷ್ಟು ದೂರ ಹೋಗಬೇಕಾಯಿತೇ?

ಈಗ ಹಳ್ಳಿಯ ಪೆಟ್ಟಿಗೆಗಳಲ್ಲಿ ಇರುವುದು ಹೆಚ್ಚಾಗಿ ಪಾಲಿಯೆಸ್ಟರ್ ಸೀರೆ. ಅದು ಹರಿಯುವುದಿಲ್ಲ, ಹದಕ್ಕೂ ಬರುವುದಿಲ್ಲ. ಬೆವರು ಹೀರುವುದಿಲ್ಲ, ಸೂಜಿಯಡಿ ಜಾರುತ್ತದೆ. ಹೊದಿಯುವುದಕ್ಕೆ ಅಂಗಡಿಯ ರಗ್ಗು ಬಂದಿದೆ. ಕಳೆದ ಬೇಸಗೆಯಲ್ಲಿ ನನ್ನ ಅತ್ತಿಗೆ ಮೂರು ಮನೆ ತಿರುಗಿ ನೂಲಿನ ಸೀರೆ ಕೂಡಿಸಿದಳು. ಸಿಕ್ಕಿದ್ದು ಎರಡೇ, ಕೂಸಿನ ಕೌದಿಗೆ ಸಾಕಾಯಿತು. ಅದು ಮುಗಿದದ್ದು ಮೃಗಶಿರ ಹುಟ್ಟಿದ ಮೂರನೆಯ ದಿನ. ಮಳೆ ಇನ್ನೂ ಬಂದಿರಲಿಲ್ಲ.