ಗಾಜಿನ ಚಾವಣಿ, ಹಗಲಿನ ಬೆಳಕು
ಗ್ರೇಟ್ ಕೋರ್ಟ್, ಬ್ರಿಟಿಷ್ ಮ್ಯೂಸಿಯಂ, ಲಂಡನ್

ಅಂಗಳದ ನಡುವಿನ ದುಂಡು ಕಟ್ಟಡ 1857ರ ವಾಚನಾಲಯ. ಬೆಂಕಿಯ ಭಯದಿಂದ ಇಲ್ಲಿ ದೀಪ ಹಚ್ಚುತ್ತಿರಲಿಲ್ಲ. ದಟ್ಟ ಮಂಜು ಕವಿದರೆ ಓದುಗರು ಪುಸ್ತಕ ಮುಚ್ಚಿ ಏಳಬೇಕಿತ್ತು. 1879ರಲ್ಲಿ ವಿದ್ಯುತ್ ದೀಪ ಬಂತು.

ತಲೆ ಎತ್ತಿ ನೋಡಿ. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ಸಂಸ್ಥೆ ರೂಪಿಸಿದ ಈ ಚಾವಣಿ ಸಿದ್ಧವಾದದ್ದು 2000ದಲ್ಲಿ. ಉಕ್ಕಿನ ಜಾಲದಲ್ಲಿ 3,312 ತ್ರಿಕೋನ ಗಾಜುಗಳಿವೆ. ವಾಚನಾಲಯ ಅಂಗಳದ ಸರಿಮಧ್ಯದಲ್ಲಿಲ್ಲ. ಆದ್ದರಿಂದ ಗಾಜುಗಳ ಆಕಾರವೂ ಬೇರೆಬೇರೆ. ಅವುಗಳ ಮೇಲೆ ಅಚ್ಚಾದ ಸಣ್ಣ ಚುಕ್ಕೆಗಳು ಬಿಸಿಲಿನ ತಾಪವನ್ನು ತಗ್ಗಿಸಿ, ಹಳೆಯ ಕಲ್ಲುಗೋಡೆಗಳಿಗೆ ಹಿತವಾದ ಬೆಳಕು ಕೊಡುತ್ತವೆ.

ಕಲ್ಲು ಹಗಲಿನ ಬೆಳಕನ್ನು ತಾಳಿಕೊಳ್ಳುತ್ತದೆ; ಕಾಗದ, ಬಟ್ಟೆ, ಜಲವರ್ಣಚಿತ್ರಗಳು ಮಾಸುತ್ತವೆ. ಅಂಥ ವಸ್ತುಗಳಿಗೆ ಸುಮಾರು 50 ಲಕ್ಸ್‌ನಷ್ಟೇ ಬೆಳಕು ನೀಡುವುದು ವಸ್ತುಸಂಗ್ರಹಾಲಯಗಳ ರೂಢಿ.