ಎಬ್ಬಿಸಿ ನಿಲ್ಲಿಸಿದ ಕೈ ಯಾರದು?

ಭಾಗ 1/8

ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ. ನಮ್ಮ ಈ ಕಡೆಯ ಯಾವ ದೊಡ್ಡ ಆಸ್ಪತ್ರೆಗೆ ಹೋದ್ರೂ ಫಿಸಿಯೋಥೆರಪಿ ವಿಭಾಗದ ಬಾಗಿಲಲ್ಲಿ ಹೆಸರುಗಳ ಬೋರ್ಡ್ ಇರೋದು ಮಾಮೂಲಿ. ಡಾಕ್ಟರ ಹೆಸರು, ಥೆರಪಿಸ್ಟ್ ಹೆಸರು, ಪಕ್ಕದಲ್ಲಿ ಅವರ ಡಿಗ್ರಿ. ಒಳಗೆ ನೋಡಿ. ಸ್ಟ್ರೋಕ್ ಆದ ಅಜ್ಜನನ್ನ ವೀಲ್‌ಚೇರಿಂದ ಎಬ್ಬಿಸಿ, ಪ್ಯಾರಲಲ್ ಬಾರ್ ಹಿಡಿಸಿ, ಬೀಳದ ಹಾಗೆ ಹಿಂದೆ ನಿಂತಿರೋರು ಇನ್ನೊಬ್ಬರು. ಅವರ ಹೆಸರು ಬೋರ್ಡಲ್ಲಿ ಇರಲ್ಲ. ಕಾಗದದಲ್ಲಿ ಹೆಲ್ಪರ್, ಅಟೆಂಡರ್, ಅಸಿಸ್ಟೆಂಟ್ ಅಂತ ಏನೋ ಒಂದು. ರೋಗಿಗಳ ಬಾಯಲ್ಲಿ ಬರೀ ‘ಅಣ್ಣಾ’, ‘ಅಕ್ಕಾ’.

ಇಂಗ್ಲಿಷಲ್ಲಿ ಈ ಕೆಲಸಕ್ಕೆ ‘ಏಡ್’ ಅಂತಾರೆ. ಅಂದ್ರೆ ನೆರವಿನವರು. ಈ ಪದಕ್ಕೊಂದು ಇತಿಹಾಸ ಇದೆ. ಇವತ್ತು ಬೋರ್ಡಲ್ಲಿ ಹೆಸರಿರೋ ಥೆರಪಿಸ್ಟ್‌ಗಳ ವೃತ್ತಿಯನ್ನ ಕಟ್ಟಿದವರಲ್ಲಿ ಎಷ್ಟೋ ಜನ ನೂರು ವರ್ಷದ ಹಿಂದೆ ‘ಏಡ್’ಗಳೇ ಆಗಿದ್ರು. ಆ ಕತೆಯನ್ನ ಎಂಟು ಭಾಗದಲ್ಲಿ ಹೇಳ್ತೀನಿ. ಪಿಯುಸಿ ಆದ್ಮೇಲೆ ಆಸ್ಪತ್ರೆ ಕೆಲಸಕ್ಕೆ ಸೇರೋ ಯೋಚನೆ ಇರೋರು ಕೊನೇ ಭಾಗ ತಪ್ಪದೆ ಓದಿ.

ಭಾಗ 2/8

ಮೊದಲು ಕೆಲಸ ಏನು ಅಂತ ತಿಳ್ಕೊಳ್ಳೋಣ. ‘ಎತ್ತಿ ಕೂರಿಸೋದು ತಾನೆ’ ಅನ್ನೋರಿಗೆ ಈ ಭಾಗ.

ಎಡಗಡೆ ಸ್ವಾಧೀನ ತಪ್ಪಿದವರನ್ನ ವೀಲ್‌ಚೇರಿಂದ ಮಂಚಕ್ಕೆ ದಾಟಿಸಬೇಕು ಅಂದ್ಕೊಳ್ಳಿ. ಮೊದಲು ಎರಡೂ ಚಕ್ರದ ಬ್ರೇಕ್ ಹಾಕಬೇಕು, ಕಾಲಿಡೋ ಪಟ್ಟಿ ಮಡಚಬೇಕು. ಸೊಂಟಕ್ಕೆ ಅಗಲವಾದ ಬೆಲ್ಟ್ ಕಟ್ಟಬೇಕು. ಅವರನ್ನ ಸೀಟಿನ ಅಂಚಿಗೆ ಸರಿಸಿ, ಶಕ್ತಿ ಇಲ್ಲದ ಮೊಣಕಾಲು ಕುಸಿಯದ ಹಾಗೆ ನಮ್ಮ ಮೊಣಕಾಲು ಅಡ್ಡ ಕೊಡಬೇಕು. ‘ಒಂದು, ಎರಡು, ಮೂರು’ ಅಂತ ಎಣಿಸಿದಾಗ ಅವರೂ ತಮ್ಮ ಕೈಲಾದಷ್ಟು ಏಳಬೇಕು. ಎಲ್ಲಕ್ಕಿಂತ ಮುಖ್ಯ, ಬಲ ಕಳ್ಕೊಂಡ ಕೈಯನ್ನಾಗಲಿ ಕಂಕುಳನ್ನಾಗಲಿ ಹಿಡಿದು ಎಳೀಬಾರದು. ಭುಜದ ಸ್ನಾಯು ಸಡಿಲ ಆಗಿರುತ್ತೆ, ಕೀಲು ಜಾರುತ್ತೆ. ಆಮೇಲೆ ಆ ನೋವು ತಿಂಗಳುಗಟ್ಟಲೆ ಬಿಡಲ್ಲ.

ಎಷ್ಟು ಎತ್ತಬೇಕು, ಯಾವಾಗ ಕೈ ಬಿಡಬೇಕು ಅನ್ನೋದೇ ಇಲ್ಲಿನ ವಿದ್ಯೆ. ಪೂರ್ತಿ ಎತ್ತಿಬಿಟ್ರೆ ರೋಗಿ ಏನೂ ಕಲಿಯಲ್ಲ. ಬೇಗ ಬಿಟ್ರೆ ಬೀಳ್ತಾರೆ. ಇಷ್ಟಲ್ಲದೆ ಬಿಸಿ ಪ್ಯಾಕಿಗೆ ಟವೆಲ್ ಸುತ್ತಿ ಚರ್ಮ ಸುಡದ ಹಾಗೆ ನೋಡ್ಕೋಬೇಕು. ಮಲಗಿದಲ್ಲೇ ಇರೋರನ್ನ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಬೆನ್ನಲ್ಲಿ ಹುಣ್ಣಾಗದ ಹಾಗೆ ಕಾಯಬೇಕು. ‘ನಿನ್ನೆಗಿಂತ ಇವತ್ತು ಉಸಿರು ಜಾಸ್ತಿ ಕಟ್ತಿದೆ’ ಅನ್ನೋದು ಎಷ್ಟೋ ಸಲ ಇವರ ಕಣ್ಣಿಗೇ ಮೊದಲು ಬೀಳುತ್ತೆ.

ಭಾಗ 3/8

ಈಗ ಲಂಡನ್ನಿಗೆ ಹೋಗೋಣ, ವರ್ಷ 1894. ಆಗ ‘ಮಾಲೀಶು’ ಅನ್ನೋ ಪದಕ್ಕೆ ಅಲ್ಲಿ ಕೆಟ್ಟ ಹೆಸರು ಬಂದಿತ್ತು. ಚಿಕಿತ್ಸೆಗಾಗಿ ಮಾಲೀಶು ಮಾಡ್ತಿದ್ದ ನಾಲ್ವರು ನರ್ಸ್‌ಗಳು ತಮ್ಮ ಕೆಲಸದ ಮಾನ ಉಳಿಸ್ಕೊಳ್ಳೋಕೆ ಒಂದು ಸಂಘ ಕಟ್ಟಿದ್ರು. ತರಬೇತಿ, ಪರೀಕ್ಷೆ, ನಿಯಮ ಎಲ್ಲ ತಂದ್ರು. ಇವತ್ತಿನ ಬ್ರಿಟನ್ನಿನ ಫಿಸಿಯೋಥೆರಪಿ ಸಂಘದ ಬೇರು ಅದೇ.

ಆಮೇಲೆ ಮೊದಲ ಮಹಾಯುದ್ಧ. 1917ರಲ್ಲಿ ಅಮೆರಿಕ ಯುದ್ಧಕ್ಕಿಳೀತು. ಕೈಕಾಲು ಕಳ್ಕೊಂಡ, ಮನಸ್ಸು ಕದಡಿಹೋದ ಸೈನಿಕರಿಗಾಗಿ ಸೇನೆ ಹೆಣ್ಮಕ್ಕಳನ್ನ ಕೆಲಸಕ್ಕೆ ತಗೊಳ್ತು. ಅವರಿಗೆ ಕೊಟ್ಟ ಹೆಸರು ‘ರೀಕನ್‌ಸ್ಟ್ರಕ್ಷನ್ ಏಡ್’. ಕೆಲವರದು ವ್ಯಾಯಾಮ, ಮಾಲೀಶು. ಇನ್ನು ಕೆಲವರದು ನೇಯ್ಗೆ, ಬುಟ್ಟಿ ಹೆಣೆಯೋದು, ಮರಗೆಲಸ ಕಲಿಸಿ ಕೈಗೂ ಮನಸ್ಸಿಗೂ ಕೆಲಸ ಕೊಡೋದು. ಮೊದಲ ಗುಂಪಿಂದ ಅಲ್ಲಿನ ಫಿಸಿಯೋಥೆರಪಿ ಬೆಳೀತು. ಎರಡನೇ ಗುಂಪು 1917ರಲ್ಲೇ ಸಂಘ ಕಟ್ಕೊಂಡಿದ್ದ ಆಕ್ಯುಪೇಷನಲ್ ಥೆರಪಿಗೆ ಬಲ ತುಂಬಿತು. ಸೇನೆಯ ಆಸ್ಪತ್ರೆಯಲ್ಲಿ ದುಡಿದ್ರೂ ಈ ಏಡ್‌ಗಳಿಗೆ ಸೇನೆಯ ದರ್ಜೆ ಇರಲಿಲ್ಲ.

ಅವರಲ್ಲಿ ಒಬ್ಬರು ಮೇರಿ ಮ್ಯಾಕ್‌ಮಿಲನ್. ಯುದ್ಧ ಮುಗಿದ ಮೇಲೆ, 1921ರಲ್ಲಿ, ಈ ಕೆಲಸ ಮಾಡ್ತಿದ್ದ ಹೆಂಗಸರು ಸಂಘ ಮಾಡ್ಕೊಂಡಾಗ ಅವರೇ ಮೊದಲ ಅಧ್ಯಕ್ಷೆ. ಏಡ್ ಅನ್ನೋ ಹೆಸರು ಹೋಗಿ ಥೆರಪಿಸ್ಟ್ ಅನ್ನೋ ಹೆಸರು ನಿಂತಿತು. ಅವರ ಕೈಗೆ ಯಾರೂ ಹೊಸ ಶಕ್ತಿ ತುಂಬಿರಲಿಲ್ಲ. ಸಂಘ ಬಂತು, ಪಾಠಪಟ್ಟಿ ಬಂತು, ದಾಖಲೆ ಪುಸ್ತಕದಲ್ಲಿ ಹೆಸರು ಬಂತು.

ಭಾಗ 4/8

ನಮ್ಮ ದೇಶಕ್ಕೆ ಇದು ಬಂದದ್ದು ಬೊಂಬಾಯಿ ಮೂಲಕ. ಅಮೆರಿಕದಲ್ಲಿ ಎಲಿಜಬೆತ್ ಲಂಡಿ ಅಂತ ಹುಟ್ಟಿ, ಭಾರತದವರನ್ನ ಮದುವೆಯಾಗಿ ಕಮಲಾ ನಿಂಬ್ಕರ್ ಆದವರು 1950ರಲ್ಲಿ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ಆಕ್ಯುಪೇಷನಲ್ ಥೆರಪಿ ಶಾಲೆ ಶುರುಮಾಡಿದ್ರು. 1952ರಲ್ಲಿ ಅಖಿಲ ಭಾರತ ಸಂಘವೂ ಆಯ್ತು.

‘ಆಕ್ಯುಪೇಷನಲ್’ ಅಂದ ತಕ್ಷಣ ನೌಕರಿ ಅಂದ್ಕೋಬೇಡಿ. ದಿನಾ ನಾವು ಮಾಡೋ ಕೆಲಸ ಅಂತ ಅರ್ಥ. ಪರದೇಶದ ಪುಸ್ತಕದಲ್ಲಿ ಫೋರ್ಕ್ ಹಿಡಿಯೋದು ಹೇಗೆ, ಕುರ್ಚಿಯಿಂದ ಏಳೋದು ಹೇಗೆ ಅಂತಿರುತ್ತೆ. ನಮ್ಮ ದೇವನಹಳ್ಳಿ ಕಡೆ ಅಜ್ಜಿಗೆ ಬೇಕಿರೋದು ಮುದ್ದೆ ಮುರಿದು ಸಾರಲ್ಲಿ ಅದ್ದಿ ಬಾಯಿಗಿಡೋಕೆ ಬೆರಳು ಕೂಡಬೇಕು, ಅಷ್ಟೆ. ಸೀರೆ ನೆರಿಗೆ ಹಿಡೀಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಏಳಬೇಕು. ಇಂಡಿಯನ್ ಟಾಯ್ಲೆಟ್ಟಲ್ಲಿ ಕುಕ್ಕರಗಾಲಲ್ಲಿ ಕೂರಬೇಕು. ಇದೆಲ್ಲ ಗೊತ್ತಿರೋದು ಆ ಊರಿನ ಭಾಷೆ, ಆ ಮನೆಯ ಅಡುಗೆ ಗೊತ್ತಿರೋರಿಗೆ. ‘ಅಜ್ಜಿ, ಒಂದು ತುತ್ತು ಮುದ್ದೆ ಅಂದ್ಕೊಂಡು ಈ ಜೇಡಿಮಣ್ಣು ಮುರೀರಿ’ ಅಂತ ಹೇಳೋ ಸಹಾಯಕಿ ಚಿಕಿತ್ಸೆಯ ಹೊರಗಿನವಳಲ್ಲ. ಅವಳು ಮಾಡ್ತಿರೋದೂ ಚಿಕಿತ್ಸೆಯೇ.

ಭಾಗ 5/8

ಇದಕ್ಕೆ ದೊಡ್ಡ ಸಾಕ್ಷಿ ಜೈಪುರದಲ್ಲಿದೆ. ‘ಜೈಪುರ್ ಫುಟ್’ ಅನ್ನೋ ಕೃತಕ ಪಾದದ ಹೆಸರು ಕೇಳಿರ್ತೀರಿ. ಅದಕ್ಕಿಂತ ಮುಂಚೆ ಇದ್ದ ಪರದೇಶಿ ಪಾದಕ್ಕೆ ಶೂ ಬೇಕೇಬೇಕಿತ್ತು. ಅದು ಕಣಕಾಲಲ್ಲಿ ಬಾಗ್ತಿರಲಿಲ್ಲ. ಬರಿಗಾಲಲ್ಲಿ ಗದ್ದೆಗಿಳಿಯೋರಿಗೆ, ಕುಕ್ಕರಗಾಲಲ್ಲಿ ಕೂರೋರಿಗೆ ಅದರಿಂದ ಏನುಪಯೋಗ? 1968ರ ಸುಮಾರಿಗೆ ರಬ್ಬರಿನ ಹೊಸ ಪಾದ ತಯಾರಾಯ್ತು. ಅದರ ಹಿಂದಿದ್ದವರಲ್ಲಿ ಮುಖ್ಯವಾದವರು ಇಬ್ಬರು. ಒಬ್ಬರು ಮೂಳೆ ತಜ್ಞ ಡಾ. ಪಿ.ಕೆ. ಸೇಠಿ. ಇನ್ನೊಬ್ಬರು ರಾಮಚಂದ್ರ ಶರ್ಮಾ, ಕುಶಲಕರ್ಮಿ, ಎಲ್ಲರ ಬಾಯಲ್ಲೂ ‘ಮಾಸ್ಟರ್‌ಜಿ’. ಶಾಲೆ ಓದು ಕಡಿಮೆ, ಕೈಕೆಲಸ ಅಪಾರ.

1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಡಾ. ಸೇಠಿಯವರಿಗೆ. ಅವರು ಅದಕ್ಕೆ ಅರ್ಹರೇ, ಅನುಮಾನ ಇಲ್ಲ. ಆದ್ರೆ ನಿಮ್ಮಲ್ಲಿ ಎಷ್ಟು ಜನ ಶರ್ಮಾ ಹೆಸರನ್ನ ಇವತ್ತಿಗಿಂತ ಮುಂಚೆ ಕೇಳಿದ್ರಿ? ಬೋರ್ಡಲ್ಲಿ ಯಾರ ಹೆಸರು ಇರಲ್ಲ ಅಂತ ಮೊದಲ ಭಾಗದಲ್ಲಿ ಹೇಳಿದ್ದು ನೆನಪಿದೆಯಲ್ಲ?

ಭಾಗ 6/8

ಈಗ ನಮ್ಮೂರ ಕಡೆ ಬರೋಣ. ಇಲ್ಲಿ ಕತೆ ಸ್ವಲ್ಪ ಬೇರೆ ದಾರಿ ಹಿಡಿಯುತ್ತೆ.

ಆರ್.ಟಿ. ನಗರದಿಂದ ಪೂರ್ವಕ್ಕೆ ಹೋದ್ರೆ ಲಿಂಗರಾಜಪುರ. ಅಲ್ಲಿ ಎಪಿಡಿ ಅನ್ನೋ ಸಂಸ್ಥೆ ಇದೆ, ವಿಕಲಚೇತನರ ಸಂಸ್ಥೆ. 1959ರಲ್ಲಿ ಇದನ್ನ ಶುರುಮಾಡಿದವರು ಎನ್.ಎಸ್. ಹೇಮಾ. ಅವರಿಗೇ ಪೋಲಿಯೊ ಆಗಿತ್ತು. ಆ ಕಾಲದಲ್ಲಿ ಪೋಲಿಯೊ ಮನೆಮನೆಯ ಭಯ. ನಮ್ಮ ದೇಶದ ಕೊನೇ ಪ್ರಕರಣ ಸಿಕ್ಕಿದ್ದೇ 2011ರಲ್ಲಿ, ಪೋಲಿಯೊಮುಕ್ತ ಅನ್ನೋ ಪ್ರಮಾಣಪತ್ರ ಬಂದದ್ದು 2014ರಲ್ಲಿ. ನೆರವು ಬೇಕಿದ್ದವರೇ ನೆರವು ಕೊಡೋ ಮನೆ ಕಟ್ಟಿದ್ದು ಇಲ್ಲಿನ ವಿಶೇಷ.

ವೆಲ್ಲೂರಲ್ಲೂ ಹಾಗೇ ಆಯ್ತು. ಡಾ. ಮೇರಿ ವರ್ಗೀಸ್ 1954ರಲ್ಲಿ ಅಪಘಾತಕ್ಕೆ ಸಿಕ್ಕಿ ಸೊಂಟದ ಕೆಳಗೆ ಸ್ವಾಧೀನ ಕಳ್ಕೊಂಡ್ರು. ವೀಲ್‌ಚೇರಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದ್ರು. 1966ರಲ್ಲಿ ಅಲ್ಲಿ ಅವರ ನೇತೃತ್ವದಲ್ಲಿ ಪುನರ್ವಸತಿ ಕೇಂದ್ರ ತೆರೀತು. ನಮ್ಮ ಹೆಬ್ಬಾಳಕ್ಕೂ ವೆಲ್ಲೂರಿಗೂ ನಂಟಿದೆ. 1973ರಲ್ಲಿ ಶುರುವಾದ ಬ್ಯಾಪ್ಟಿಸ್ಟ್ ಆಸ್ಪತ್ರೆಯ ಆಡಳಿತ 1989ರಲ್ಲಿ ವೆಲ್ಲೂರಿನ ಸಿಎಂಸಿ ಕೈಗೆ ಬಂತು.

ಹೇಮಾ ಅವರಾಗಲಿ ವರ್ಗೀಸ್ ಅವರಾಗಲಿ, ಎತ್ತೋ ಕೈ ಹೇಗಿರಬೇಕು ಅನ್ನೋದನ್ನ ಎತ್ತಿಸ್ಕೊಂಡು ಕಲಿತವರು.

ಭಾಗ 7/8

1978ರಲ್ಲಿ ಅಲ್ಮಾ-ಅಟಾದಲ್ಲಿ ಆರೋಗ್ಯ ಎಲ್ಲರಿಗೂ ಅನ್ನೋ ಘೋಷಣೆ ಆದ್ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಒಂದು ದಾರಿ ಹುಡುಕ್ತು. ಪ್ರತಿ ಹಳ್ಳಿಗೂ ಥೆರಪಿಸ್ಟ್ ಸಿಗಲ್ಲ. ಹಾಗಾಗಿ ಊರಿನವರಿಗೇ, ಮನೆಯವರಿಗೇ ಸರಳವಾಗಿ ಕಲಿಸೋಣ ಅಂತ. 1989ರಲ್ಲಿ ಅದಕ್ಕಾಗಿ ಚಿತ್ರಗಳಿರೋ ಪುಸ್ತಿಕೆಗಳೂ ಬಂದ್ವು.

ಇದೇ ಯೋಚನೆಯ ನಮ್ಮ ರೂಪ ಕರ್ನಾಟಕದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಜನ ಕರೆಯೋದು ‘ವಿಆರ್‌ಡಬ್ಲ್ಯೂ’ ಅಂತ. ಗ್ರಾಮ ಪಂಚಾಯಿತಿಗೊಬ್ಬರು, ವಿಕಲಚೇತನರಿಂದಲೇ ಆರಿಸಿದವರು. ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಕಾರ್ಯಕರ್ತರು ಬೇರೆ. ಯಲಹಂಕ ಅಂದ್ರೆ ಬರೀ ಅಪಾರ್ಟ್‌ಮೆಂಟ್ ಅಂದ್ಕೋಬೇಡಿ, ರಾಜಾನುಕುಂಟೆ ಕಡೆ ಇನ್ನೂ ಪಂಚಾಯಿತಿಗಳಿವೆ. ಮನೆಮನೆ ಸರ್ವೆ, ಗುರುತಿನ ಚೀಟಿ, ಪಿಂಚಣಿ ಅರ್ಜಿ, ಆಸ್ಪತ್ರೆಗೆ ದಾರಿ ತೋರ್ಸೋದು ಇವರ ಕೆಲಸ. 2016ರ ಕಾಯಿದೆ ಬಂದು ಅಂಗವೈಕಲ್ಯದ ಪಟ್ಟಿ 7ರಿಂದ 21ಕ್ಕೆ ಏರಿದ ಮೇಲೆ ಕೆಲಸವೂ ಏರಿತು. ಸಿಗೋದು ಮಾತ್ರ ಸಂಬಳ ಅಲ್ಲ, ‘ಗೌರವಧನ’. ಹೆಸರಲ್ಲಿ ಗೌರವ ಇದೆ. ಧನ ಹೆಚ್ಚಿಸಿ ಅಂತ ಅವರು ಬೀದಿಗೂ ಇಳಿದಿದ್ದಾರೆ.

ಭಾಗ 8/8

2021ರಲ್ಲಿ ಕೇಂದ್ರ ಸರ್ಕಾರ ಆರೋಗ್ಯ ಸಹವೃತ್ತಿಗಳಿಗೆ ಹೊಸ ಕಾಯಿದೆ ತಂತು. ಫಿಸಿಯೋ, ಆಕ್ಯುಪೇಷನಲ್ ಥೆರಪಿ ಎರಡೂ ಅದರಲ್ಲಿವೆ. ಅದರ ಪ್ರಕಾರ ‘ಆರೋಗ್ಯ ವೃತ್ತಿಪರ’ ಅನ್ನಿಸ್ಕೊಳ್ಳೋಕೆ ಕನಿಷ್ಠ 3,600 ಗಂಟೆಗಳ ಪದವಿ ಓದು ಬೇಕು. ಅದರ ಕೆಳಗಿನ ಮೆಟ್ಟಿಲಿಗೆ, ತಂತ್ರಜ್ಞರಿಗೆ, ಸಹಾಯಕ ವೃತ್ತಿಯವರಿಗೆ, ಕನಿಷ್ಠ 2,000 ಗಂಟೆ, ಡಿಪ್ಲೊಮಾ ಇಲ್ಲವೇ ಪದವಿ.

ಗೆರೆ ಬೇಕು. ಕಲಿಯದ ಕೈ ಭುಜದ ಕೀಲು ಜಾರಿಸುತ್ತೆ ಅಂತ ನಾನೇ ಹೇಳಿದೆ. ಆದ್ರೆ ಲೆಕ್ಕ ನೋಡಿ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ, ಹತ್ತು ವರ್ಷ ರೋಗಿಗಳನ್ನ ಎಬ್ಬಿಸಿದವರ ಅನುಭವ 24,000 ಗಂಟೆ. ಕಾಯಿದೆಯ ವ್ಯಾಖ್ಯೆ ಎಣಿಸೋದು ಓದಿದ ಗಂಟೆಯನ್ನ. ಕೆಲವು ತಿಂಗಳ ಸರ್ಟಿಫಿಕೇಟ್ ಇಟ್ಕೊಂಡು ಬಂದವರು ಆ ಗೆರೆಯ ಕೆಳಗೇ ಉಳೀತಾರೆ. 1918ರ ಏಡ್‌ಗಳು ಗೆರೆ ದಾಟಿದ್ದು ಅವರಿಗೆ ಕಲಿಯೋ ದಾರಿ, ಕೂಡಿ ಕೇಳೋ ಸಂಘ ಎರಡೂ ಇದ್ದದ್ದರಿಂದ. ಅಂಥ ಮೆಟ್ಟಿಲು ಇಲ್ಲೂ ಸಾಧ್ಯ. ಜೆ.ಪಿ. ನಗರದಲ್ಲಿ, 1994ರಲ್ಲಿ ಹುಟ್ಟಿದ ಮೊಬಿಲಿಟಿ ಇಂಡಿಯಾ ಪುನರ್ವಸತಿ ಥೆರಪಿ ಸಹಾಯಕರಿಗೇ ಅಂತ ಕೋರ್ಸ್ ನಡೆಸಿ ತೋರಿಸಿದೆ.

ಈ ಕೆಲಸಕ್ಕೆ ಸೇರೋರು ಫೀಸು ಕಟ್ಟೋ ಮುಂಚೆ ಮೂರು ಪ್ರಶ್ನೆ ಕೇಳಿ. ಈ ಕೋರ್ಸ್ ಎಷ್ಟು ಗಂಟೆಯದು? ಇದರ ಮೇಲೆ ನೋಂದಣಿ ಆಗುತ್ತಾ? ಇಲ್ಲಿಂದ ಮುಂದೆ ಡಿಪ್ಲೊಮಾಗೆ ದಾರಿ ಇದೆಯಾ? ಉತ್ತರ ಬಾಯಲ್ಲಿ ಬೇಡ, ಬರವಣಿಗೆಯಲ್ಲಿ ತಗೊಳ್ಳಿ.

ಸೇರದೆ ಇರೋರಿಗೆ ಒಂದೇ ಕೆಲಸ. ನಿಮ್ಮ ಮನೆಯವರನ್ನ ಎಬ್ಬಿಸಿ ನಡೆಸಿದವರು ಯಾರಾದ್ರೂ ಇದ್ರೆ, ಮುಂದಿನ ಸಲ ಹೋದಾಗ ಅವರ ಹೆಸರು ಕೇಳಿ ತಿಳ್ಕೊಳ್ಳಿ. ಆಸ್ಪತ್ರೆಯವರು ಅಭಿಪ್ರಾಯದ ಫಾರ್ಮ್ ಕೊಟ್ರೆ ಡಾಕ್ಟರ ಹೆಸರಿನ ಪಕ್ಕ ಅವರ ಹೆಸರನ್ನೂ ಬರೀರಿ.

#ಉತ್ತರಬೆಂಗಳೂರು #ಹೆಬ್ಬಾಳ #ಯಲಹಂಕ #ಪುನರ್ವಸತಿ #ನಮ್ಮಇತಿಹಾಸ